ಟೇಪು ಮುಂದೆ, ಕಾಜಾ ಹಿಂದೆ

ಫುಟ್‌ಬಾಲ್ ಮೈದಾನದ ನಟ್ಟನಡುವೆ ನಿಲ್ಲುವ ಆ ಇಬ್ಬರ ಕೆಲಸವೇನು ಎಂದು ಯಾರಾದರೂ ಕೇಳಿದರೆ ಟೇಪು ಎದೆಯುಬ್ಬಿಸಿ ಕೊಡುತ್ತಿದ್ದ ಉತ್ತರ ಒಂದೇ: "ಒಬ್ಬ ಆಡ್ತಾನೆ. ಇನ್ನೊಬ್ಬ ಇರ್ತಾನೆ." ಆಡುವವನು ತಾನು, ಇರುವವನು ಭಾಮೈದ. ಇದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಪಡುವ ಅಭ್ಯಾಸವಿದ್ದಿದ್ದರೆ ಅವನು ಕತ್ತರಿಸಿದ ಪ್ಯಾಂಟುಗಳು ಅಷ್ಟೊಂದು ಆತ್ಮವಿಶ್ವಾಸದಿಂದ ಗಿಡ್ಡವಾಗುತ್ತಿರಲಿಲ್ಲ.

ಟೇಪು ಅಂದರೆ ನಮ್ಮ ಕಥೆಯ ಟೈಲರ್. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಊಟ, ಹಾಕಿಕೊಂಡೇ ನಿದ್ದೆ. ಒಮ್ಮೆ ಹಾಗೇ ಸ್ನಾನವನ್ನೂ ಮಾಡಿಬಿಟ್ಟು, ಟೇಪು ಕುಗ್ಗಿ, ಆ ತಿಂಗಳು ಬಂದ ಗಿರಾಕಿಗಳೆಲ್ಲ ಇದ್ದಕ್ಕಿದ್ದಂತೆ ದಪ್ಪಗಾಗಿಬಿಟ್ಟಿದ್ದರು. ಕಾಜಾ ಅವನ ಹೆಂಡತಿಯ ತಮ್ಮ. ಅಂಗಡಿಯ ಹಿಂಭಾಗದಲ್ಲಿ, ಇಸ್ತ್ರಿ ಮೇಜಿನ ಆಚೆ, ಬೆಳಕು ಸಹ ಹೋಗಲೋ ಬೇಡವೋ ಎಂದು ಯೋಚಿಸಿ ಹೋಗುವಂಥ ಮೂಲೆಯಲ್ಲಿ ಮೆಷಿನ್ನಿನ ಮೇಲೆ ಬಗ್ಗಿ ಕೂತಿರುವವನು. ಹೊಲಿಗೆ ಅವನದು, ಗುಂಡಿ ತೂರುವ ಕಾಜಾ ಅವನದು, ಗುಂಡಿಯೂ ಅವನದು. ಮಾತೂ ಕಾಜಾದಷ್ಟೇ: ಒಂದು ಗುಂಡಿ ನುಸುಳಿ ಬಂದರೆ ಹೆಚ್ಚು.

ಗಿರಾಕಿ ಮೆಟ್ಟಿಲು ಹತ್ತಿದರೆ ಟೇಪು ಎದ್ದು ನಿಲ್ಲುತ್ತಿದ್ದ. "ಬನ್ನಿ ಸಾರ್, ಬನ್ನಿ! ಏನು ಎದೆ ಸಾರ್ ಇದು, ಸೈನ್ಯಕ್ಕೆ ಸೇರಬೇಕಾದ ಎದೆ!" ಎಂದು ಹೊಟ್ಟೆಗೆ ಟೇಪು ಸುತ್ತುತ್ತಿದ್ದ. ಮಾತಿನ ಭರದಲ್ಲಿ ಅಂಕಿ ಮರೆಯುತ್ತಿತ್ತು. ಹಿಂದಿನ ಮೂಲೆಯಿಂದ ಕಾಜಾ ತಲೆಯೆತ್ತಿ ಗಿರಾಕಿಯನ್ನು ಒಮ್ಮೆ ನೋಡಿ, ಮತ್ತೆ ತಲೆ ಬಗ್ಗಿಸಿ, ಒಳಹೊಲಿಗೆಯಲ್ಲಿ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದ. ಪ್ಯಾಂಟು ಸರಿಯಾಗಿ ಕೂತಾಗ ಗಿರಾಕಿ ಹೊಗಳುತ್ತಿದ್ದುದು ಟೇಪುವನ್ನು. ಟೇಪುವೂ ಆ ಹೊಗಳಿಕೆಯನ್ನು ಯಾವ ಸಂಕೋಚವೂ ಇಲ್ಲದೆ ಇಸ್ತ್ರಿ ಮಾಡಿ ಮಡಚಿಟ್ಟುಕೊಳ್ಳುತ್ತಿದ್ದ.

ಭಾನುವಾರ ಸಂಜೆ ಬೀದಿಯ ತಂಡದಲ್ಲಿ ಇದೇ ಅಂಗಡಿ ಮೈದಾನಕ್ಕೆ ಸ್ಥಳಾಂತರವಾಗುತ್ತಿತ್ತು. ನಡುವೆ ಇಬ್ಬರು. ಚೆಂಡು ಎಡಕ್ಕೆ ಹೋದರೆ ಟೇಪು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಚರಂಡಿಗೆ ಹೋದರೆ ಚರಂಡಿಗೆ. ಓಡುತ್ತ ಬಲಗೈ ಎತ್ತಿ "ಕೊಡು! ನಂಗೆ ಕೊಡು!" ಎಂದು ಕೂಗುತ್ತಿದ್ದ. ಕೊಟ್ಟರೆ ಕಳೆಯುತ್ತಿದ್ದ. ಕಳೆದ ಚೆಂಡನ್ನು ಎದುರಾಳಿಗಳು ಎತ್ತಿಕೊಂಡು ಬರುವ ದಾರಿಯಲ್ಲಿ, ಎಲ್ಲಿಂದ ಬರುತ್ತಾರೆ ಎಂದು ಮೊದಲೇ ತಿಳಿದವನ ಹಾಗೆ, ಕಾಜಾ ನಿಂತಿರುತ್ತಿದ್ದ. ಗೋಲು ಕಾಯುವವನು ಮೊಟ್ಟೆ ಅಂಗಡಿಯವನು. ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ಕೈಬಿಟ್ಟವನಲ್ಲ. ಚೆಂಡನ್ನು ಹಿಡಿದವನೂ ಅಲ್ಲ. ಅವನ ಮರ್ಯಾದೆ ಕೂಡ ಕಾಜಾನ ಕಾಲಲ್ಲೇ ಇತ್ತು.

ಹೀಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದಾಗ, ಒಂದು ಸೋಮವಾರ ಬೆಳಿಗ್ಗೆ ಕಾಜಾ ಮೆಷಿನ್ ನಿಲ್ಲಿಸಿ, "ಭಾವ, ಒಂದು ಮಾತು" ಅಂದ.

ಟೇಪು ಗಾಬರಿಯಾದ. ಆ ಮೂಲೆಯಿಂದ ಮಾತು ಬರುವುದೆಂದರೆ ಇಸ್ತ್ರಿ ಪೆಟ್ಟಿಗೆ ಕೆಮ್ಮಿದ ಹಾಗೆ.

"ಬಟ್ಟೆ ಕಾರ್ಖಾನೆಯಿಂದ ಕರೆದಿದಾರೆ. ಮೇಸ್ತ್ರಿ ಕೆಲಸ. ಬರೋ ಸೋಮವಾರ ಬಂದು ಸೇರ್ಕೋ ಅಂದಿದಾರೆ."

"ನೀನೇನಂದೆ?"

"ಯೋಚನೆ ಮಾಡ್ತೀನಿ ಅಂದೆ." ಕಾಜಾ ದಾರದ ಉಂಡೆಯನ್ನು ಅತ್ತಿಂದಿತ್ತ ಉರುಳಿಸಿದ. "ಭಾವ, ಈ ಭಾನುವಾರ ಬೇಕರಿ ಬೀದಿಯವರ ಜೊತೆ ಆಟ ಇದೆಯಲ್ಲ, ಅದರಲ್ಲಿ ನಾನು ಮುಂದೆ ಹೋಗ್ತೀನಿ. ನೀವು ಹಿಂದೆ ಇರ್ಬೇಕು. ಪೂರ್ತಿ ಆಟ. ನೀವು ಇದ್ರೆ ನಾನು ಅಂಗಡೀಲಿ ಇರ್ತೀನಿ. ಇಲ್ದಿದ್ರೆ ಕಾರ್ಖಾನೆಗೆ ಹೋಗ್ತೀನಿ."

ಟೇಪು ಜೋರಾಗಿ ನಕ್ಕ. "ಇಷ್ಟೇನಾ? ಹಿಂದೆ ಇರೋದೇನು ಮಹಾ ಕೆಲಸ! ಸುಮ್ನೆ ನಿಂತಿರೋದು ತಾನೇ? ಬಾಗಿಲಲ್ಲಿ ನಮ್ಮ ಬೊಂಬೆ ನಿಂತಿಲ್ವಾ?"

ಕಾಜಾ ಕೋಟು ತೊಟ್ಟ ಬೊಂಬೆಯನ್ನು ನೋಡಿದ, ಭಾವನನ್ನು ನೋಡಿದ. "ಬೊಂಬೆ ನಿಲ್ಲುತ್ತೆ ಭಾವ. ನೀವು ನಿಲ್ಲಲ್ಲ" ಅಂದು ಮತ್ತೆ ಮೆಷಿನ್ ತುಳಿಯತೊಡಗಿದ.

ಮಧ್ಯಾಹ್ನ ಕಾಜಾ ಊಟಕ್ಕೆ ಹೋದಾಗ ಟೇಪು ಯಾರಿಗೂ ಕಾಣದಂತೆ ಹಿಂದಿನ ಮೂಲೆಗೆ ಹೋಗಿ, ಒಂದು ಷರ್ಟಿಗೆ ತಾನೇ ಕಾಜಾ ಮಾಡಲು ಕೂತ. ಮುಗಿಸುವ ಹೊತ್ತಿಗೆ ಅದರೊಳಗೆ ಗುಂಡಿಯಷ್ಟೇ ಅಲ್ಲ, ಗುಂಡಿ ಹಾಕುವ ಕೈಯೂ ತೂರುವ ಹಾಗಿತ್ತು. ಅದನ್ನು ಹಿಡಿದು ಬೆಳಕಿಗೆ ಒಡ್ಡಿದ. ಆ ತೂತಿನ ಮೂಲಕ ಅವನಿಗೆ ಬರುವ ಸೋಮವಾರ ಸ್ಪಷ್ಟವಾಗಿ ಕಂಡಿತು. ನಗು ಅಲ್ಲಿಗೆ ನಿಂತಿತು.

ಅಭ್ಯಾಸ ಅಂದೇ ಸಂಜೆ ಶುರುವಾಯಿತು. ಅಂಗಡಿ ಮುಂದೆ ಕಾಜಾ ಚೆಂಡು ಉರುಳಿಸಿದ. ಟೇಪು ನಿಲ್ಲಬೇಕೆಂದೇ ನಿಂತಿದ್ದ. ಆದರೆ ಚೆಂಡು ಹೊರಟ ಸುದ್ದಿ ಅವನ ಮೆದುಳಿಗೆ ಮುಟ್ಟುವ ಮೊದಲು ಕಾಲಿಗೆ ಮುಟ್ಟುತ್ತಿತ್ತು. ಮತ್ತೆ ಉರುಳಿಸಿದರೆ ಮತ್ತೆ ಓಡಿದ.

"ಹೀಗಾಗಲ್ಲ. ಇದಕ್ಕೆ ನಮ್ಮ ಕಸುಬಿನಲ್ಲೇ ಔಷಧಿ ಇದೆ" ಎಂದು ಟೇಪು ಒಳಗೆ ಹೋಗಿ ಪೈಜಾಮದ ಸೊಂಟಕ್ಕೆ ಹಾಕುವ ಅಗಲ ಎಲಾಸ್ಟಿಕ್ಕಿನ ಸುರುಳಿಯನ್ನೇ ತಂದ. ಒಂದು ತುದಿ ತನ್ನ ಸೊಂಟಕ್ಕೆ, ಇನ್ನೊಂದು ತುದಿ ಕಾಜಾನ ಸೊಂಟಕ್ಕೆ. "ಇಬ್ಬರ ನಡುವೆ ಎಷ್ಟು ಅಂತರ ಇರ್ಬೇಕೋ ಎಲಾಸ್ಟಿಕ್ಕೇ ಹೇಳುತ್ತೆ. ಹೂಂ, ಓಡು!"

ಕಾಜಾ ಓಡಿದ. ಎಲಾಸ್ಟಿಕ್ ಹಿಗ್ಗಿತು, ಹಿಗ್ಗಿತು, ತನ್ನ ಕುಲದ ಮರ್ಯಾದೆ ಇರುವಷ್ಟೂ ಹಿಗ್ಗಿತು. ಆಮೇಲೆ ಟೇಪು ಕವಣೆಯ ಕಲ್ಲಿನಂತೆ ಹೊರಟು, ಭಾಮೈದನನ್ನು ದಾಟಿ, ಪಕ್ಕದ ಮೊಟ್ಟೆ ಅಂಗಡಿಯ ಕಡೆಗೆ ಹಾರಿದ. ಮೊಟ್ಟೆ ಅಂಗಡಿಯವನು ಎಡಕ್ಕೆ ಜಿಗಿದು ಎರಡೂ ಕೈ ಚಾಚಿ ಭಾರಿ ಮೊಟ್ಟೆ ಟ್ರೇಗಳನ್ನು ತಬ್ಬಿ ಕಾಪಾಡಿದ. ಆ ಜಿಗಿತವನ್ನು ಗೋಲಿನಲ್ಲಿ ಯಾವತ್ತಾದರೂ ಜಿಗಿದಿದ್ದರೆ ತಂಡದ ಚರಿತ್ರೆಯೇ ಬೇರೆಯಾಗಿರುತ್ತಿತ್ತು.

"ಮುಂದೆ ಹೋದವನು ಹಿಂದಿದ್ದವನನ್ನೂ ಎಳ್ಕೊಂಡು ಹೋಗೋದಾದ್ರೆ, ಹಿಂದೆ ಯಾರೂ ಇದ್ದ ಹಾಗಾಗಲಿಲ್ಲ ಭಾವ" ಎಂದ ಕಾಜಾ, ಮೊಣಕೈ ಒರೆಸಿಕೊಳ್ಳುತ್ತಿದ್ದ ಭಾವನಿಗೆ.

ಮಾರನೆಯ ದಿನ ಟೇಪು ಇನ್ನೊಂದು ಉಪಾಯ ಹೂಡಿದ. ಎಲಾಸ್ಟಿಕ್ಕಿನ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು ಇನ್ನೊಂದನ್ನು ಅಂಗಡಿಯ ಕಿಟಕಿ ಸರಳಿಗೆ ಕಟ್ಟಿಸಿಕೊಂಡ. ಕಾಜಾ ಎದುರಿಗೆ ಚೆಂಡು ಉರುಳಿಸುವುದು, ಟೇಪು ಹೋಗದೆ ಇರುವುದು. ಹೋದರೂ ಎಲಾಸ್ಟಿಕ್ ವಾಪಸು ಕರೆಯುತ್ತದೆ. ಉಪಾಯವೇನೋ ಸರಿಯಾಗಿತ್ತು. ತಪ್ಪು ಇದ್ದದ್ದು ಎದುರುಗಡೆ ಕಟಿಂಗ್ ಶಾಪ್ ಇದ್ದದ್ದರಲ್ಲಿ.

ಕಟಿಂಗ್ ಶಾಪಿನವನಿಗೆ ಕೂದಲು ಕತ್ತರಿಸುವುದು ಉಪಕಸುಬು. ಮುಖ್ಯ ಕಸುಬು ಬೀದಿಯವರನ್ನು ಅಣಕಿಸುವುದು. ಅವನ ಅಂಗಡಿಯಿಂದ ನೋಡಿದರೆ ಚೆಂಡು ಕಾಣುತ್ತಿರಲಿಲ್ಲ, ಕಟ್ಟೆ ಅಡ್ಡ ಇತ್ತು. ಕಾಣುತ್ತಿದ್ದದ್ದು ಇಷ್ಟೇ: ಕಿಟಕಿಗೆ ಕಟ್ಟಿಹಾಕಿದ ಟೈಲರ್, ಬೀದಿಯ ಕಡೆ ನುಗ್ಗುವುದು, ವಾಪಸು ಎಳೆಸಿಕೊಂಡು ಹೋಗಿ ಗೋಡೆಗೆ ಬಡಿಯುವುದು, ಮತ್ತೆ ನುಗ್ಗುವುದು, ಪಕ್ಕದಲ್ಲಿ ಭಾಮೈದ ಕೈಕಟ್ಟಿ ಶಾಂತವಾಗಿ ನಿಂತು "ಇನ್ನೊಂದ್ಸಲ ಭಾವ" ಅನ್ನುವುದು.

ಅವನು ಅರ್ಧ ಬೋಳಿಸಿದ ಗಡ್ಡವನ್ನು ಅಲ್ಲೇ ಬಿಟ್ಟು, ಟವಲಿನಿಂದ ತನ್ನನ್ನು ಕುರ್ಚಿಗೆ ಕಟ್ಟಿಕೊಂಡು, ಟೇಪುವಿನ ಹಾಗೆ ನುಗ್ಗಿ, ಟೇಪುವಿನ ಹಾಗೆ ಬಡಿದುಕೊಂಡು ತೋರಿಸಿದ. ಮತ್ತೆ ಕತ್ತಿ ಹಿಡಿದಾಗಲೂ ಗಡ್ಡದವನು ನಕ್ಕು ನಕ್ಕು ಕೆನ್ನೆ ಕುಯ್ಯಿಸಿಕೊಂಡ. ಸಂಜೆಯೊಳಗೆ ಸುದ್ದಿಗೆ ಕೈಕಾಲು ಮೂಡಿದ್ದವು: ಟೈಲರಿಗೆ ತಲೆ ಕೆಟ್ಟಿದೆ, ಭಾಮೈದ ಕಟ್ಟಿಹಾಕಿದಾನೆ, ಅಂಗಡಿ ಭಾಮೈದನ ಹೆಸರಿಗಾಗುತ್ತೆ.

ಗಿರಾಕಿಗಳು ಬಂದು ಹೊಲಿಯಲು ಕೊಟ್ಟ ಬಟ್ಟೆ ವಾಪಸು ಕೇಳತೊಡಗಿದರು. "ನನಗೇನೂ ಆಗಿಲ್ಲ ಸಾರ್" ಎಂದು ಟೇಪು ಕಿಟಕಿಗೆ ಕಟ್ಟಿದ ಹಾಗೇ ವಿವರಿಸಿದ. "ನನಗೆ ಮುಂದೆ ಓಡೋ ಖಾಯಿಲೆ. ಹುಟ್ಟಿಂದಲೇ. ಭಾನುವಾರದ ಹೊತ್ತಿಗೆ ವಾಸಿ ಆಗುತ್ತೆ." ಗಿರಾಕಿಗಳು ತೋಳಿಲ್ಲದ ಷರ್ಟುಗಳನ್ನೇ ಎತ್ತಿಕೊಂಡು ಓಡಿದರು.

ಪೊಲೀಸ್ ಪೇದೆ ಬಂದ. ಎಲಾಸ್ಟಿಕ್ಕನ್ನು ಲಾಠಿಯಿಂದ ಮೀಟಿ ನೋಡಿದ. "ಯಾರು ಯಾರನ್ನ ಕಟ್ಟಿದ್ದು?"

"ನಾನೇ ಕಟ್ಟಿಸ್ಕೊಂಡಿದ್ದು ಸಾರ್."

"ಹಾಗಾದ್ರೆ ದೂರು ಯಾರ ಮೇಲೆ ಬರ್ಕೊಳ್ಲಿ? ನಿನ್ನ ಮೇಲೆ ನೀನೇ ಕೊಡ್ತೀಯಾ?"

"ದೂರೇ ಇಲ್ಲ ಸಾರ್."

"ಇಲ್ವಾ? ಸರಿ. ನೋಡು, ಹುಚ್ಚು ಹಿಡಿಯೋದು ನಿನ್ನ ಸ್ವಂತ ವಿಚಾರ, ನಾವು ಅಡ್ಡ ಬರಲ್ಲ. ಆದ್ರೆ ನನ್ನ ಯೂನಿಫಾರಂ ಪ್ಯಾಂಟ್ ಮುಗಿಸಿಕೊಟ್ಟು ಆಮೇಲೆ ಹಿಡಿಸ್ಕೋ." ಇಷ್ಟು ಹೇಳಿ, ಸಡಿಲವಾಗಿ ಜಾರುತ್ತಿದ್ದ ತನ್ನ ಹಳೇ ಪ್ಯಾಂಟನ್ನು ಮೇಲಕ್ಕೆಳೆದುಕೊಳ್ಳುತ್ತ ಕಾನೂನು ಹೊರಟುಹೋಯಿತು.

ಅದರ ಹಿಂದೆಯೇ ಅತ್ತೆ ಬಂದರು. ಟೇಪುವಿಗೆ ಅತ್ತೆ, ಕಾಜಾನಿಗೆ ಹೆತ್ತ ತಾಯಿ. ಹಾಗಾಗಿ ಯಾರ ಪರ ಅಳಬೇಕೆಂದು ದಾರಿಯುದ್ದಕ್ಕೂ ತೀರ್ಮಾನವಾಗದೆ, ಕೊನೆಗೆ ಕಟ್ಟಿಸಿಕೊಂಡವರ ಪರ ಎಂದು ನಿರ್ಧರಿಸಿದ್ದರು. ಕೈಚೀಲ ಕೆಳಗಿಟ್ಟವರೇ ಮಗನ ಮೇಲೆ ಬಿದ್ದರು.

"ಅಯ್ಯೋ ಪಾಪಿ! ಅಕ್ಕನ ಗಂಡ ಅನ್ನೋದನ್ನೂ ನೋಡದೆ ಕಟ್ಟಿದೀಯಲ್ಲೋ! ಅದೂ ಪೈಜಾಮದ ಎಲಾಸ್ಟಿಕ್ಕಲ್ಲಿ! ಮರ್ಯಾದಸ್ಥರ ಮನೆ ಅಳಿಯನ್ನ ಕಟ್ಟೋಕೆ ಒಂದು ಒಳ್ಳೇ ಹಗ್ಗ ಸಿಗ್ಲಿಲ್ವೇನೋ ನಿಂಗೆ?"

"ಅತ್ತೆ, ಇದು ಆಟಕ್ಕೆ…"

"ನೀವು ಮಾತಾಡ್ಬೇಡಿ ಅಳಿಯಂದಿರೇ, ಆಯಾಸ ಆಗುತ್ತೆ." ಮಗಳ ಕಡೆ ತಿರುಗಿದರು. "ಏನೇ, ಇವರು ಎಲ್ಲಿಗೆ ಓಡಿಹೋಗ್ತಿದ್ರು?"

ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಟೇಪುವಿನ ಹೆಂಡತಿ ನಿಟ್ಟುಸಿರುಬಿಟ್ಟಳು. "ಚೆಂಡಿನ ಹಿಂದೆ ಅಮ್ಮ. ಮದುವೆಯಾದಾಗಿಂದ ಅದೇ."

"ಚೆಂಡಿನ ಹಿಂದೆ ಓಡಿದ್ರೆ ಯಾರಾದ್ರೂ ಕಟ್ತಾರೇನೇ? ಹೆತ್ತ ತಾಯಿ ಹತ್ರ ಮುಚ್ಚಿಡ್ಬೇಡ." ಮತ್ತೆ ಮಗನ ಕಡೆ ತಿರುಗಿ, "ನೀನಾದ್ರೂ ಬಾಯಿ ಬಿಡೋ! ಏನು ಮಾಡ್ತಿದೀಯ ಇವರನ್ನ?"

ಕಾಜಾ ಎಲಾಸ್ಟಿಕ್ಕಿನ ಗಂಟು ಬಿಗಿಮಾಡಿದ. "ಭಾವ ಕಲೀತಿದಾರೆ ಅಮ್ಮ" ಅಂದ.

"ಏನನ್ನ?"

"ಇರೋದನ್ನ."

ಅತ್ತೆ ಕೂತು ಅಳಲು ಶುರುಮಾಡಿದರು. ಈಗ ಇಬ್ಬರಿಗೂ ತಲೆ ಕೆಟ್ಟಿದೆ ಎಂಬುದರಲ್ಲಿ ಅವರಿಗೆ ಸಂಶಯ ಉಳಿಯಲಿಲ್ಲ.

ಭಾನುವಾರ ಮೈದಾನಕ್ಕೆ ಯಾವತ್ತೂ ಬರದ ಜನ ಬಂದಿದ್ದರು. ಆಟ ನೋಡಲಿಕ್ಕಲ್ಲ, ಟೇಪುವನ್ನು ಯಾವುದಕ್ಕೆ ಕಟ್ಟುತ್ತಾರೆ ಎಂದು ನೋಡಲಿಕ್ಕೆ. ಮೈದಾನದ ನಡುವೆ ಕಿಟಕಿ ಇರಲಿಲ್ಲವಾದ್ದರಿಂದ, ಯಾವುದಕ್ಕೆ ಕಟ್ಟುತ್ತಾರೆಂದು ಕಟಿಂಗ್ ಶಾಪಿನವನು ಅಲ್ಲೇ ಬಾಜಿ ಕಟ್ಟಿಸಿಕೊಳ್ಳುತ್ತಿದ್ದ. ಅತ್ತೆ ಗೆರೆಯ ಪಕ್ಕದಲ್ಲೇ ಕೂತು, ಅಳಿಯನ ಸೊಂಟವನ್ನೇ ದಿಟ್ಟಿಸುತ್ತಿದ್ದರು.

ಆಟ ಶುರುವಾಯಿತು. ಕಾಜಾ ಮುಂದೆ ಹೋದ. ಟೇಪು ಹಿಂದೆ ನಿಂತ. ನಿಜಕ್ಕೂ ನಿಂತ! ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಅಂಗಡಿಯ ಬೊಂಬೆಗೂ ಕಲಿಯಲು ಏನಾದರೂ ಸಿಗುವ ಹಾಗೆ ನಿಂತ. ಬೇಕರಿ ಬೀದಿಯವರು ಅವನ ಎಡದಿಂದ ಬಂದರು, ಬಲದಿಂದ ಬಂದರು. ಟೇಪು ನಿಂತೇ ಇದ್ದ. ಒಂದು ಹೊಡೆತ ಕಂಬಕ್ಕೆ ಬಡಿಯಿತು, ಇನ್ನೊಂದು ಮೊಟ್ಟೆ ಅಂಗಡಿಯವನ ಬೆನ್ನಿಗೆ. ಅವನು ಆಗ ಓಡಿಹೋಗಲು ತಿರುಗಿದ್ದರಿಂದ ಮಾತ್ರ ಗೋಲು ಉಳಿಯಿತು.

ಅರ್ಧ ಆಟದ ಬಿಡುವಿನಲ್ಲಿ ಟೇಪು ಹೆಮ್ಮೆಯಿಂದ, "ನೋಡಿದ್ಯಾ? ಒಂದು ಹೆಜ್ಜೆ ಆ ಕಡೆ ಈ ಕಡೆ ಆಗಿಲ್ಲ" ಅಂದ.

ಕಾಜಾ ನೀರು ಕುಡಿದು ಬಾಟಲಿ ಕೊಟ್ಟ. "ಭಾವ, ಇರೋದು ಅಂದ್ರೆ ನಿಂತಿರೋದಲ್ಲ. ನಾನು ಎಡಕ್ಕೆ ಹೋದ್ರೆ ನನ್ನ ಹಿಂದೆ ಎಲ್ಲಿ ಖಾಲಿ ಆಯ್ತು ಅಂತ ನೋಡಿ, ಅಲ್ಲಿಗೆ ಬರ್ಬೇಕು. ನಾನು ಚೆಂಡು ಕಳ್ಕೊಂಡ್ರೆ ಎಲ್ಲಿ ಬೀಳುತ್ತೆ ಅಂತ ಕಳ್ಕೊಳ್ಳೋ ಮುಂಚೆನೇ ಲೆಕ್ಕ ಹಾಕ್ಬೇಕು."

"ನೀನು ಕಳ್ಕೋತೀಯ ಅಂತ ನಂಗೆ ಹೇಗೋ ಗೊತ್ತಾಗುತ್ತೆ?"

"ಬೆನ್ನು ನೋಡಿ."

"ಬೆನ್ನಾ?"

"ಬೆನ್ನು ಮೊದಲೇ ಹೇಳುತ್ತೆ. ನಾನು ಇಷ್ಟು ವರ್ಷ ನಿಮ್ಮದನ್ನೇ ನೋಡ್ಕೊಂಡು ಆಡಿದ್ದು." ಕಾಜಾ ಭಾವನ ಭುಜ ತೋರಿಸಿದ. "ಕೊಡು ಕೊಡು ಅಂತ ಕೈ ಎತ್ತಿ ಎತ್ತಿ ನಿಮ್ಮ ಷರ್ಟಿನ ಬಲಗಡೆ ಭುಜದ ಹೊಲಿಗೆ ಪ್ರತಿ ಭಾನುವಾರ ಬಿಟ್ಟು ಹೋಗುತ್ತೆ. ಸೋಮವಾರ ಅಂಗಡಿ ತೆಗೆಯೋ ಮುಂಚೆ ಹಾಕ್ತೀನಿ."

ಟೇಪು ಕೈ ಹಿಂದೆ ಮಾಡಿ ಭುಜ ಮುಟ್ಟಿ ನೋಡಿಕೊಂಡ. ಬೆರಳಿಗೆ ಹೊಲಿಗೆಯ ಮೇಲೆ ಹೊಲಿಗೆ, ಅದರ ಮೇಲೆ ಹೊಲಿಗೆ, ಒಂದು ಗಂಟಿನ ಹಾಗೆ ಸಿಕ್ಕಿತು. ಬೇರೆಯವರ ಬೆನ್ನಳತೆ ತೆಗೆದೇ ಬದುಕಿದವನು. ತನ್ನ ಬೆನ್ನಿನ ಮೇಲೆ ಹೀಗೊಂದು ಕೆಲಸ ನಡೆಯುತ್ತಿತ್ತೆಂದು ಅವನಿಗೆ ತಿಳಿದೇ ಇರಲಿಲ್ಲ.

ಮತ್ತೆ ಆಟ ಶುರುವಾಯಿತು. ಟೇಪು ಈಗ ಚೆಂಡನ್ನು ಬಿಟ್ಟು ಭಾಮೈದನ ಬೆನ್ನನ್ನು ನೋಡಿದ. ಟೈಲರ್ ಅಲ್ಲವೇ, ಮೊದಲು ಕಂಡದ್ದು ಷರ್ಟು. ಅದು ಸೊಟ್ಟಗಿತ್ತು. ತಂಡದ ಷರ್ಟುಗಳನ್ನೆಲ್ಲ ಕತ್ತರಿಸಿದ್ದು ಅವನೇ. ಬೇರೆ ಎಲ್ಲರದೂ ಅಳತೆಯ ಟೇಪು ಹಿಡಿದು, ಕಾಜಾನದು ಮಾತ್ರ ಕಣ್ಣಳತೆಯಲ್ಲಿ, "ಮನೆಯವನು ತಾನೇ" ಎಂದು. ನೋಡಿದರೆ ಷರ್ಟಿನದಲ್ಲ ತಪ್ಪು. ಕಾಜಾನ ಬಲಭುಜವೇ ಎಡಕ್ಕಿಂತ ಇಳಿದಿತ್ತು. ಮೆಷಿನ್ನಿನ ಮೇಲೆ ಒಂದೇ ಪಕ್ಕಕ್ಕೆ ಬಗ್ಗಿ ಕೂತು ಕೂತು ಇಳಿದ ಭುಜ. ಬೀದಿಯಲ್ಲಿ ಯಾರ ಸೊಂಟ ಎಷ್ಟು, ಯಾರ ಕಾಲರ್ ಎಷ್ಟು ಎಂದು ಕೇಳಿದರೆ ಹೇಳುವ ಟೇಪುವಿಗೆ ಈ ಒಂದು ಭುಜ ಕಾಣಲು ಮೈದಾನದಲ್ಲಿ ಹಿಂದೆ ನಿಲ್ಲಬೇಕಾಯಿತು.

ಆ ಇಳಿದ ಭುಜ ಎಡಕ್ಕೆ ವಾಲಿತು. ಟೇಪುವಿನ ಕಾಲು ತಾನಾಗಿ ಬಲಕ್ಕೆ ಸರಿಯಿತು. ಕಾಜಾ ಚೆಂಡು ಕಳೆದ. ಅದು ಸೀದಾ ಟೇಪುವಿನ ಪಾದಕ್ಕೆ ಬಂದು ನಿಂತಿತು. ಟೇಪು ಅದನ್ನು ಭೂತ ಕಂಡವನಂತೆ ನೋಡಿದ. ಅಷ್ಟು ವರ್ಷ ಬೆನ್ನಟ್ಟಿದರೂ ಸಿಗದ ಚೆಂಡು ಈಗ ಹುಡುಕಿಕೊಂಡು ಬಂದಿತ್ತು. ಅವನು ಅದನ್ನು ವಾಪಸು ಕಾಜಾನಿಗೆ ಕೊಟ್ಟ. ಕಾಜಾ ಗುರಿಯಿಟ್ಟು, ಜೀವಮಾನದ ಮೊದಲ ಹೊಡೆತ ಹೊಡೆದ. ಚೆಂಡು ಗೋಲಿನ ಮೇಲಿಂದ, ಮರದ ಮೇಲಿಂದ, ರಸ್ತೆಯ ಮೇಲಿಂದ ಹಾರಿ ಕಣ್ಮರೆಯಾಯಿತು. ಹುಡುಕಿ ತರುವವರೆಗೆ ಆಟ ನಿಂತಿತು. ಕಾಜಾ ಮಾತ್ರ ಬಾಯಿತುಂಬ ನಗುತ್ತಿದ್ದ. ಅವನಿಗೆ ಅಷ್ಟು ಹಲ್ಲುಗಳಿವೆ ಎಂದು ತಂಡಕ್ಕೆ ಅಂದೇ ಗೊತ್ತಾಗಿದ್ದು.

ಇತ್ತ ಬಿಡುವಿನ ಹೊತ್ತಿನಲ್ಲಿ ಬೇಕರಿ ಬೀದಿಯವರಿಗೂ ಟೈಲರಿಗೆ ತಲೆ ಕೆಟ್ಟ ಸುದ್ದಿ ಮುಟ್ಟಿತ್ತು. ಕಟ್ಟು ಬಿಚ್ಚಿದ ಟೈಲರ್ ಎದುರಿಗೆ ಸರಿದಾಡುತ್ತಿದ್ದಾನೆ, ಯಾವ ಕ್ಷಣದಲ್ಲಿ ನುಗ್ಗುತ್ತಾನೋ ಎಂದು ಅವರು ಅವನಿಂದ ಮಾರು ದೂರದಲ್ಲೇ ಸುತ್ತುಹಾಕಿ, ಸುತ್ತುವುದರಲ್ಲೇ ಸುಸ್ತಾದರು.

ಕೊನೆಗಳಿಗೆಯಲ್ಲಿ ಚೆಂಡು ಮತ್ತೆ ಟೇಪುವಿನ ಕಾಲಿಗೆ ಬಂತು. ಮುಂದೆ ಇಡೀ ಮೈದಾನ ಖಾಲಿ. ಹಾಸಿಟ್ಟ ಹೊಸ ಬಟ್ಟೆಯ ಹಾಗೆ, ಕತ್ತರಿ ಇಡು ಎಂದು ಕರೆಯುತ್ತಿತ್ತು. "ನುಗ್ಗೋ ಟೇಪು!" ಎಂದು ಬೀದಿಗೆ ಬೀದಿಯೇ ಕಿರುಚಿತು. "ಹಿಡ್ಕೊಳ್ರೋ ಅವರನ್ನ!" ಎಂದು ಅತ್ತೆ ಕಿರುಚಿದರು. ಟೇಪು ತಿರುಗಿ ಹಿಂದೆ ನೋಡಿದ. ತಾನು ಹೋದರೆ ಅಲ್ಲಿ ಯಾರೂ ಇಲ್ಲ. ಅಷ್ಟರಲ್ಲಿ ಕಾಜಾ ಮುಂದಿನಿಂದ ತಿರುಗಿ, ಏದುಸಿರು ಬಿಡುತ್ತ ಓಡಿಬಂದು ಅವನ ಪಕ್ಕ ದಾಟಿ ಹಿಂದೆ ನಿಂತ.

"ಹೋಗಿ ಭಾವ. ನಾನಿದೀನಿ."

ಟೇಪು ಹೋಗಬೇಕಿತ್ತು. ಆದರೆ 'ನಾನಿದೀನಿ' ಎಂಬ ಮಾತು ಅವನನ್ನು ಅಲ್ಲೇ ಹಿಡಿದುಬಿಟ್ಟಿತು. ಇದನ್ನು ಇವನು ಪ್ರತಿ ಸಲವೂ ಹೇಳುತ್ತಿದ್ದನೋ, ಇಲ್ಲ ಇವತ್ತೇ ಮೊದಲೋ? ತಾನು ಓಡುವ ಗಡಿಬಿಡಿಯಲ್ಲಿ ಕೇಳಿಸಿಕೊಂಡಿರಲಿಲ್ಲವೇ? ಕಾಲಿನಲ್ಲಿ ಚೆಂಡಿಟ್ಟುಕೊಂಡು ಟೇಪು ಮೈದಾನದ ಮೇಲೆ ಮೊಟ್ಟಮೊದಲ ಬಾರಿಗೆ ಯೋಚನೆ ಮಾಡಿದ. ಅಭ್ಯಾಸವಿಲ್ಲದ ಕೆಲಸ, ತಡವಾಯಿತು. ರೆಫರಿ ಸೀಟಿ ಊದಿದ. ಆಟ ಗೋಲಿಲ್ಲದೆ ಮುಗಿಯಿತು.

ಸೋಮವಾರ ಬೆಳಿಗ್ಗೆ ಕಾಜಾ ಎಂದಿನಂತೆ ಬಂದು ಬೀಗ ತೆಗೆಯುವ ಹೊತ್ತಿಗೆ ಟೇಪು ಮೆಟ್ಟಿಲ ಮೇಲೆ ಕೂತಿದ್ದ. ಇರುತ್ತೀಯೋ ಹೋಗುತ್ತೀಯೋ ಎಂದು ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ. "ನೆಟ್ಟಗೆ ನಿಂತ್ಕೋ" ಎಂದು ಕೊರಳಿನಿಂದ ಟೇಪು ತೆಗೆದ.

"ಯಾಕೆ ಭಾವ?"

"ಅಳತೆ. ನಿಂದು ಯಾವತ್ತೂ ತಗೊಂಡಿಲ್ಲ." ಭುಜದಿಂದ ಭುಜಕ್ಕೆ ಟೇಪು ಹಿಡಿದ. ಮಾತಿಲ್ಲದೆ ಅಳತೆ ತೆಗೆದದ್ದು ಅದೇ ಮೊದಲು, ಅಂಕಿ ಮರೆಯಲಿಲ್ಲ. "ಬಲಗಡೆ ಒಂದು ಬೆರಳು ಇಳಿದಿದೆ ಕಣೋ."

"ಹುಟ್ಟಿಂದ ಇರಲಿಲ್ಲ ಭಾವ."

"ಗೊತ್ತು" ಅಂದ ಟೇಪು. ಆಮೇಲೆ ಟೇಪನ್ನು ಸುತ್ತುತ್ತ, ಎತ್ತಲೋ ನೋಡಿಕೊಂಡು, "ಕಾರ್ಖಾನೆಯವರಿಗೆ ಏನು ಹೇಳ್ತೀಯ?" ಎಂದ.

"ಹೇಳಾಗಿದೆ. ನೀವು ಕಿಟಕಿಗೆ ಕಟ್ಟಿಸ್ಕೊಂಡ ದಿನವೇ ಹೋಗಿ ಬರಲ್ಲ ಅಂತ ಹೇಳ್ಬಿಟ್ಟು ಬಂದೆ. ಊರೆಲ್ಲ ನಗ್ತಿದ್ರೂ ನೀವು ಬಿಚ್ಕೊಳ್ಲಿಲ್ವಲ್ಲ."

"ಆ ದಿನವೇ?" ಟೇಪು ಹಾರಿಬಿದ್ದ. "ಮತ್ತೆ ನಂಗ್ಯಾಕೋ ಹೇಳ್ಲಿಲ್ಲ? ಆಟ ಮುಗಿಯೋವರೆಗೂ ನನ್ನ ಜೀವ ಬಾಯಿಗೆ ಬಂದಿತ್ತಲ್ಲೋ!"

"ಹೇಳಿದ್ರೆ ನೀವು ಹಿಂದೆ ಇರ್ತಿದ್ರಾ ಭಾವ?"

ಅಷ್ಟರಲ್ಲಿ ಪೊಲೀಸ್ ಪೇದೆ ಜಾರುವ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ಇಬ್ಬರೂ ಮುಂದೆ ಬಂದರು, ಇಬ್ಬರೂ ನಿಂತರು, ಇಬ್ಬರೂ ಹಿಂದೆ ಸರಿದರು. "ನೀವು ಹೋಗಿ ಭಾವ." "ನೀನು ಹೋಗೋ." "ಯಾರಾದ್ರೂ ಬನ್ರಯ್ಯಾ, ಕೈ ಸೋಲ್ತಿದೆ!" ಎಂದ ಪೇದೆ. ಆಗ ಟೇಪು ತನ್ನ ಟೇಪನ್ನು ಭಾಮೈದನ ಕೊರಳಿಗೆ ಹಾಕಿ, ಇಸ್ತ್ರಿ ಮೇಜಿನ ಆಚೆ ಹೋಗಿ ಮೆಷಿನ್ನಿನ ಮುಂದೆ ಕೂತ. ಪೇದೆಯ ಹೊಸ ಪ್ಯಾಂಟಿನ ಸೊಂಟಕ್ಕೆ ಏನು ಹಾಕೋಣ ಎಂದು ಕಾಜಾ ಕೇಳಿದ. ಹಿಂದಿನ ಮೂಲೆಯಿಂದ, ಟೇಪು ಕಿಟಕಿಗೆ ಕಟ್ಟಿಸಿಕೊಂಡಿದ್ದ ಅದೇ ಎಲಾಸ್ಟಿಕ್ ಹಾರಿಬಂತು.

ಆ ಮೂಲೆಯಿಂದ ನೋಡಿದರೆ ಅಂಗಡಿ ಪೂರ್ತಿ ಕಾಣುತ್ತಿತ್ತು, ಬಾಗಿಲ ಬೊಂಬೆಯ ಬೆನ್ನು, ಅದರಾಚೆ ಬೀದಿ, ಬೀದಿಯಲ್ಲಿ ಹೋಗಿಬರುವವರೆಲ್ಲ. ಇಷ್ಟೆಲ್ಲ ಕಾಣುವ ಜಾಗವನ್ನು ಇಷ್ಟು ವರ್ಷ ಕತ್ತಲ ಮೂಲೆ ಅಂದುಕೊಂಡಿದ್ದೆನಲ್ಲ ಎಂದುಕೊಳ್ಳುತ್ತ ಟೇಪು ಸೂಜಿಗೆ ದಾರ ಪೋಣಿಸಲು ನೋಡಿದ.

ಬೀದಿಗೂ ಅವನು ಕಾಣುತ್ತಿದ್ದ. ಕಟಿಂಗ್ ಶಾಪಿನವನು ಕತ್ತರಿ ಕೆಳಗಿಟ್ಟು ಕೂಗಿದ: "ಬನ್ರೋ ನೋಡ್ರೋ! ಈಗ ಮೆಷಿನ್ನಿಗೇ ಕಟ್ಟಿಹಾಕಿದಾನೆ!"

ಕೂಗು ಕೇಳಿ ಅತ್ತೆ ಕೈಚೀಲ ಸಮೇತ ಓಡಿಬಂದರು. ಮಗನನ್ನು ಪಕ್ಕಕ್ಕೆ ತಳ್ಳಿ, ಪೇದೆಯನ್ನು ದಾಟಿ, ಮೆಷಿನ್ನಿನ ಕೆಳಗೆ ಬಗ್ಗಿ ಅಳಿಯನ ಸೊಂಟ, ಕಾಲು, ಸ್ಟೂಲು ಎಲ್ಲವನ್ನೂ ತಡಕಿ ನೋಡಿದರು. ಕೊನೆಗೆ ಏದುಸಿರು ಬಿಡುತ್ತ ಎದ್ದು ನಿಂತರು.

"ಕಟ್ಟೇ ಇಲ್ವಲ್ಲ ಅಳಿಯಂದಿರೇ! ಮತ್ಯಾಕೆ ಕೂತಿದೀರಿ ಇಲ್ಲಿ?"

ಟೇಪು ಮುಂದೆ ನಿಂತ ಭಾಮೈದನ ಬೆನ್ನನ್ನು ಸೂಜಿಯಿಂದ ತೋರಿಸಿದ. ಬಾಯಲ್ಲಿ ದಾರ ಇತ್ತು.